ತೂಕದ ಕಲ್ಲು

ಶೇವಂತಿ ದುರ್ಗೇಕರ ಬಂದದ್ದು ಜೂನ್ ಹದಿನೇಳಕ್ಕೆ,
ಬಲೆಗಳೆಲ್ಲ ಬೈತಖೋಲದಲ್ಲಿ ಮಡಚಿಕೊಂಡು ಮಲಗಿದ ಮೇಲೆ.
ಕೈಯಲ್ಲಿ ಡಾಕ್ಟರ ಚೀಟಿ: ‘ತೂಕ ಇಳಿಸಬೇಕು.’
ಅದರ ಕೆಳಗೆ ಎರಡು ಗೆರೆ, ಸಿಟ್ಟಿನವು.

ಕಾರವಾರದ ಆಸ್ಪತ್ರೆಯ ಹನ್ನೊಂದನೇ ಕೋಣೆಯಲ್ಲಿ
ನಾನು ಪಥ್ಯ ಹೇಳುವವಳು.
ಗೋಡೆಯ ಪಟದಲ್ಲಿ ಸೇಬು, ಕ್ಯಾರೆಟ್ಟು, ಒಂದು ಲೋಟ ಹಾಲು;
ಬಂಗಡೆ ಬರೆಯಲು ಯಾರಿಗೂ ತೋಚಿಲ್ಲ.
ಹತ್ತಿ ನಿಲ್ಲಿ, ಎಂದೆ.
ಎಂಬತ್ತೊಂದೂವರೆ.
“ನಿಮ್ಮ ಕಾಟಾ ಸುಳ್ಳು ಹೇಳ್ತದೆ” ಎಂದಳು
ಕೆಳಗಿಳಿಯದೆಯೇ.

ಮೂವತ್ತು ವರ್ಷ ತಕ್ಕಡಿ ಹಿಡಿದವಳು.
ಮರುದಿನ ಬುಟ್ಟಿಯಲ್ಲಿ ಹೊತ್ತು ತಂದಳು
ಸರಕಾರಿ ಮುದ್ರೆಯ ಐದು ಕಿಲೋ ಕಲ್ಲು.
ಸೆರಗಿನಿಂದ ಒರೆಸಿ ಯಂತ್ರದ ಮೇಲಿಟ್ಟಳು.
ಐದು, ನಾನೂರು, ಎಂದಿತು ಯಂತ್ರ.
ನಾನು ನಕ್ಕೆ. ಅವಳು ನಗಲಿಲ್ಲ.
“ನಾವು ಹೀಗೆ ತೂಗಿದರೆ ದಂಡ ಹಾಕ್ತಾರೆ.”

ಏನು ಉಣ್ಣುತ್ತೀರಿ?
ಬೆಳಿಗ್ಗೆ ಗಂಜಿ. ಮಧ್ಯಾಹ್ನ ಅನ್ನ, ಕೋಕಂ ಕಡಿ.
ನಾಲ್ಕಕ್ಕೆ ಚಾ, ಬನ್ನು. ರಾತ್ರಿ ಮತ್ತೆ ಅನ್ನ, ಉಪ್ಪಿನಕಾಯಿ.
ಮೀನು?
ಇಸ್ವಾಣ ಹೋಟೆಲಿಗೆ, ಪಾಪ್ಲೆಟ್ ಗೋವೆಗೆ,
ಬಂಗಡೆ ಮನೆ ತನಕ ಬಂದರೆ ಮೊಮ್ಮಗನ ತಟ್ಟೆಗೆ.
“ನನಗೆ ತಲೆ. ತಲೆಯಲ್ಲೇ ರುಚಿ.”
ಹೊಟ್ಟೆ ತುಂಬುತ್ತದಾ?
“ತುಂಬ್ತದೆ. ಸಾಕಾಗೂದಿಲ್ಲ.”

ಈ ಎರಡು ಮಾತಿನ ನಡುವಿನ ಸಂದನ್ನು
ಧಾರವಾಡದಲ್ಲಿ ಐದು ವರ್ಷ ಓದಿದ್ದೆ;
ಅದು ಇಷ್ಟೇ ಎಂದು ಯಾರೂ ಹೇಳಿರಲಿಲ್ಲ.

ದೇಹ ಒಳಗೆ ಕೂತು ಬೇರೆಯೇ ಖಾತೆ ಬರೆಯುತ್ತದೆ.
ಇಪ್ಪತ್ತು ಅಮೈನೋ ಆಮ್ಲಗಳಲ್ಲಿ
ಹನ್ನೊಂದನ್ನು ತಾನೇ ಹೊಸೆದುಕೊಳ್ಳುತ್ತದೆ,
ಒಂಬತ್ತು ಬಾಯಿಯ ದಾರಿಯಲ್ಲೇ ಬರಬೇಕು.
ಅಕ್ಕಿಯಲ್ಲಿ ಲೈಸಿನ್ ಕಡಿಮೆ:
ಒಂದು ಹುಟ್ಟು ಗಿಡ್ಡವಾದ ದೋಣಿ,
ಎಷ್ಟು ಬಲ ಹಾಕಿದರೂ ಸುತ್ತಿದಲ್ಲೇ ಸುತ್ತುತ್ತದೆ.
ಒಂಬತ್ತರ ಬೇಡಿಕೆ ತೀರುವ ತನಕ
ಹಸಿವು ಕದ ಹಾಕುವುದಿಲ್ಲ.
ಇನ್ನೊಂದು ಸೌಟು, ಎನ್ನುತ್ತದೆ. ಇನ್ನೊಂದು.
ಬಂದದ್ದರಲ್ಲಿ ಬೇಕಾದ್ದು ಚಿಟಿಕೆ, ಮಿಕ್ಕದ್ದು ಬುಟ್ಟಿ;
ಎಸೆಯಲು ಕಲಿಯದ ದೇಹ
ಮಿಕ್ಕದ್ದನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತದೆ,
ಮಾರದೆ ಉಳಿದ ಮೀನಿಗೆ ಉಪ್ಪು ಹಾಕಿಟ್ಟ ಹಾಗೆ.

ಒಂದೇ ಒಂದು ಆಮ್ಲ ಇಲ್ಲದ ಊಟವಿಟ್ಟರೆ
ಇಲಿ ಅರ್ಧ ಗಂಟೆಯಲ್ಲಿ ಮುಖ ತಿರುಗಿಸುತ್ತದಂತೆ.
ಶೇವಂತಿ ಯಾವ ತಟ್ಟೆಗೆ ಮುಖ ತಿರುಗಿಸಬೇಕು?
ಇನ್ನೊಂದನ್ನು ಕಡಿಮೆ ಮಾಡಿದರೆ ಇಲಿಯ ಮೈ ಬಿಸಿಯೇರಿ
ಕೊಬ್ಬು ಉರಿದುಹೋಗುತ್ತದೆಂದೂ ಬರೆದಿದ್ದಾರೆ.
ಇಲಿಗಳ ಬಗ್ಗೆ ತುಂಬ ಬರೆದಿದ್ದಾರೆ.

‘ಅನ್ನ ಕಡಿಮೆ’ ಎಂದು ಬರೆಯಲು ಪೆನ್ನೆತ್ತಿದವಳು
ಬರೆದೆ: ‘ತಲೆ ಅಲ್ಲ, ನಡುವಿನ ತುಂಡು. ಮೊದಲು ನಿಮಗೆ.’
ಓದಿ ಹೇಳಿದಾಗ ನಕ್ಕಳು, ಆಗ ಮಾತ್ರ.
“ದೋಣಿಯೇ ಇಳಿಯದ ತಿಂಗಳಲ್ಲಿ ನಡು ಎಲ್ಲಿಂದ ಮೇಡಂ?”
ಒಣ ಸಿಗಡಿ?
“ಉಂಟು. ಮಾರಲಿಕ್ಕೆ.”
ದಿನಕ್ಕೆ ಒಂದು ಮುಷ್ಟಿ ಮಾರಬೇಡಿ, ಎಂದೆ.
ಹುರುಳಿ ಮೊಳಕೆ ಕಟ್ಟಿ. ಕೋಳಿ ಇಟ್ಟ ಮೊಟ್ಟೆ
ಎಣಿಸಿ ಅಂಗಡಿಗೆ ಕಳಿಸುವ ಮೊದಲು ಒಂದು ತಪ್ಪಿ ಎಣಿಸಿ.

ಆಗಸ್ಟಿನಲ್ಲಿ ಬಂದಳು, ಕಾಲಿಗೆ ಬಂದರಿನ ಕೆಸರು.
ನಾನೂರು ತಾನೇ ಕಳೆದು ಹೇಳಿದಳು:
ಇಳಿದದ್ದು ಒಂಬೈನೂರು ಗ್ರಾಂ.
ಡಾಕ್ಟರು ಗೆರೆ ಎಳೆಯಲೂ ಇಲ್ಲ, ಹೊಗಳಲೂ ಇಲ್ಲ.
“ಆದರೆ ಪಾತ್ರೆಯಲ್ಲಿ ಅನ್ನ ಉಳೀತದೆ ಈಗ.
ಕಣ್ಣು ಹೇಳ್ತದೆ ಹಾಕಿಕೋ ಅಂತ, ಕೈ ಹೋಗೂದಿಲ್ಲ.”

ಕಲ್ಲನ್ನು ಒಯ್ಯಲಿಲ್ಲ.
“ಇಲ್ಲೇ ಇರಲಿ, ಯಂತ್ರಕ್ಕೆ ನಾಚಿಕೆ ಬರಲಿ.”
ಬಾಗಿಲಲ್ಲಿ ನಿಂತು ನನ್ನ ಮೇಜು ನೋಡಿದಳು:
ಅರ್ಧ ತಿಂದ ಅವಲಕ್ಕಿ,
ನಾಲ್ಕು ಗಂಟೆಗೆಂದು ತೆರೆದಿಟ್ಟ ಬಿಸ್ಕೀಟು.
ಏನೂ ಹೇಳಲಿಲ್ಲ.
ಕಾಗದದ ಪೊಟ್ಟಣವೊಂದನ್ನು ಚೀಟಿಗಳ ಮೇಲಿಟ್ಟು ಹೋದಳು.

ಇಡೀ ಮಧ್ಯಾಹ್ನ ಹನ್ನೊಂದನೇ ಕೋಣೆ
ಒಣ ಸಿಗಡಿಯ ವಾಸನೆ ಹೊಡೆಯಿತು.