ಲಾಭ, ಎರಡು, ಮೂರು

ಅಪ್ಪ ಹೋಗಿ ಆ ಗುರುವಾರಕ್ಕೆ ಮೂವತ್ತು ದಿನ.
ದಾವಣಗೆರೆಯಲ್ಲಿ ನಮ್ಮದೊಂದೇ ಯಹೂದಿ ಮನೆ.
ಕದ್ದೀಶ್ ಹೇಳಲು ಹತ್ತು ಗಂಡಸರು ಕೂಡಬೇಕು.
ಒಂಬತ್ತೇ ಆದರೆ ದೇವರು ಕಿವಿ ಮುಚ್ಚಿಕೊಳ್ಳುವುದಿಲ್ಲ,
ಆ ಒಂದು ಪ್ರಾರ್ಥನೆ ಮಾತ್ರ ಬಾಯಿಂದ ಹೊರಡುವಂತಿಲ್ಲ.

ಕಾಕಾ ವಾರವಿಡೀ ಫೋನು ಹಚ್ಚಿ ಕೂಡಿಸಿದ್ದರು:
ಹುಬ್ಬಳ್ಳಿಯ ನಾಗಾಂವಕರರು ಮೂವರು,
ಬೆಳಗಾವಿಯಿಂದ ತಮ್ಮತಮ್ಮಲ್ಲೇ ಮಾತು ಬಿಟ್ಟ ಅಣ್ಣತಮ್ಮ,
ಶಿವಮೊಗ್ಗದ ರಿಟೈರಾದ ಗಾರ್ಡು ದಿವೇಕರ್,
ಧಾರವಾಡದ ಬೆಂಜಮಿನ್ ಮಾಸ್ತರು,
ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಗಿರಣಿ ನೋಡಿಕೊಳ್ಳುವ
ಪುಣೆಯ ಹುಡುಗ, ಅವನನ್ನು ನಾವು ಯಾರೂ ಕಂಡಿರಲಿಲ್ಲ.
ಗದಗಿನ ಆವಾಸ್ಕರ್ ಬಂದರೆ ಭರ್ತಿ.

ಅಪ್ಪನ ತಕ್ಕಡಿ ರಿಪೇರಿ ಅಂಗಡಿಯೇ ಅಂದು ನಮ್ಮ ಮಶೀದಿ
(ನಮ್ಮ ಹಿರಿಯರು ಹಾಗೇ ಅನ್ನುತ್ತಿದ್ದರು,
ಕೇಳಿದವರು ತಲೆ ಕೆರೆದುಕೊಳ್ಳುತ್ತಿದ್ದರು).
ಯೆರೂಸಲೇಮು ಪಡುವಣಕ್ಕೆ. ಪಡುವಣ ಗೋಡೆಯ ತುಂಬ
ರಿಪೇರಿಗೆ ಬಂದು ವಾರಸುದಾರರಿಲ್ಲದೆ ಉಳಿದ ತಟ್ಟೆಗಳು.
ನಡುವೆ ಅಮ್ಮನ ಹಸಿರು ಇಳಕಲ್ಲು ಕಟ್ಟಿ
ಹೆಂಗಸರೆಲ್ಲ ಅದರ ಹಿಂದೆ ಕೂತೆವು.

ಮಂಡಿಯಲ್ಲಿ ಕಾಳು ಅಳೆಯುವ ಕೊಟ್ರಬಸಪ್ಪ
ಬಾಗಿಲಲ್ಲಿ ನಿಂತು ರೂಢಿಯ ಮೇಲೆ ಶುರುಮಾಡಿದ:
‘ಲಾಭ... ಎರಡು... ಮೂರು...’
‘ಮನುಷ್ಯರನ್ನ ಎಣಿಸಬಾರದಪ್ಪಾ,’ ಕಾಕಾ ತಡೆದರು.
‘ಹತ್ತು ಪದದ ಒಂದು ಸಾಲು ಐತಿ ನಮ್ಮಲ್ಲಿ,
ತಲೆಗೊಂದು ಪದ ಹೇಳ್ತಾ ಹೋಗೋದು.’
‘ನಾವೇನು ಒಂದು ಅಂತೀವೇನ್ರಿ? ಲಾಭ ಅಂತೀವಿ.’
ಅವನಿಗೆ ಎಲ್ಲ ತಿಳಿದುಹೋಯಿತು.

ಕಾಕಾ ಆ ಸಾಲು ಹಿಡಿದು ಹೊರಟರು.
ಒಂಬತ್ತನೇ ಪದಕ್ಕೆ ಜನ ಮುಗಿದರು.
ಅಷ್ಟರಲ್ಲಿ ಫೋನು: ಆವಾಸ್ಕರರಿಗೆ ಹುಬ್ಬಳ್ಳಿಯಲ್ಲಿ ಗಾಡಿ ತಪ್ಪಿದೆ.

‘ನನ್ನ ಹಿಡ್ಕಳ್ರಿ ಮತ್ತೆ,’ ಎಂದ ಕೊಟ್ರಬಸಪ್ಪ.
‘ನಲವತ್ತು ವರ್ಷ ಅವರ ತೂಕದ ಕಲ್ಲು ಮುಟ್ಟೀನಿ.’
ಬರೋದಿಲ್ಲಪ್ಪಾ, ಎಂದರು ಕಾಕಾ, ನೆಲ ನೋಡುತ್ತ.
‘ಆತು ಬಿಡ್ರಿ’ ಎಂದು ಮೆಟ್ಟಿಲ ಮೇಲೆ ಕೂತ,
ಹದಿನೆಂಟು ಚಪ್ಪಲಿಗಳನ್ನು ಜೋಡಿ ಮಾಡತೊಡಗಿದ.
ಎಣಿಕೆಗೆ ಬಾರದವರು ಆ ಕಡೆ ಅವನು, ಈ ಕಡೆ ನಾವು.

ಆಗ ಸೀರೆಯ ಹಿಂದಿನಿಂದ ಸಿಂಹಾಬಾಯಿ, ಹುಬ್ಬಳ್ಳಿಯ ಅಜ್ಜಿ,
ಕೇಳಿದಳು: ‘ನಮ್ಮ ಎಜ್ರಾ ಎಲ್ಲಿ?’
‘ಹನ್ನೆರಡು ವರ್ಷದ ಹುಡುಗ, ಆಯಿ.
ಏಪ್ರಿಲ್ ಹನ್ನೊಂದಕ್ಕೆ ಹದಿಮೂರು. ಇನ್ನೂ ಮೂರು ವಾರ ಬಾಕಿ.’
‘ಏಪ್ರಿಲ್ಲು ಅವರದು. ನಾನು ಚಂದ್ರನ್ನ ಕೇಳ್ತಿದೀನಿ.
ಅವನು ಹುಟ್ಟಿದ ಸಂಜೆ ಓಣಿಯ ಹೆಂಗಸರೆಲ್ಲ
ಮಾಳಿಗೆ ಹತ್ತಿ ಯುಗಾದಿ ಚಂದ್ರನ್ನ ನೋಡ್ತಿದ್ರು.
ಸೂಲಗಿತ್ತಿಯೂ ಕಿಟಕಿಗೆ ಓಡಿದ್ಲು.’
ಕೊಟ್ರಬಸಪ್ಪನ ಹೆಂಡತಿ ಹಾಲಮ್ಮ ನನ್ನ ಪಕ್ಕದಲ್ಲೇ ಇದ್ದಳು,
ಬೆರಳ ಗೆಣ್ಣು ಮಡಚಿ ಅಂದಳು:
‘ಈ ಸಲ ಯುಗಾದಿ ಮುಂಚೆ ಬಂತಲ್ಲವ್ವಾ.
ಚಂದ್ರನ್ನ ನೋಡಿ ಆಗಲೇ ನಾಕು ದಿನ ಆತು.’

ಒಂಬತ್ತು ಗಂಡಸರು ಸುಮ್ಮನಾದರು.
ಎಜ್ರಾ ಹಿತ್ತಲಲ್ಲಿದ್ದ, ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ.
ಕೈ ತೊಳೆಸಿ, ದಿವೇಕರರ ಟೋಪಿ ಹಾಕಿ,
(ಕಿವಿವರೆಗೂ ಇಳಿಯಿತು) ಎಳೆದು ತಂದು ನಿಲ್ಲಿಸಿದರು.
ಹತ್ತನೇ ಪದ ಬಂದು ಅವನ ನೆತ್ತಿಯ ಮೇಲೆ ಕೂತಿತು.
ಖಾರಕ್ಕೋ ಏನೋ, ಅವನ ಕಣ್ಣಲ್ಲಿ ನೀರು.

ಆ ಪ್ರಾರ್ಥನೆಯಲ್ಲಿ ಸಾವಿನ ಸುದ್ದಿಯೇ ಇಲ್ಲ,
ಅಪ್ಪನ ಹೆಸರೂ ಇಲ್ಲ.
ದೊಡ್ಡದು, ದೊಡ್ಡದು ಆ ಹೆಸರು ಎಂಬುದಷ್ಟೇ.
ಕಾಕಾನ ದನಿ ಎರಡು ಕಡೆ ಮುರಿಯಿತು.
ಎರಡು ಕಡೆಯೂ ‘ಆಮೇನ್’ ಬಂದು ಎತ್ತಿಕೊಂಡಿತು.
ಮಾತು ಬಿಟ್ಟ ಅಣ್ಣತಮ್ಮ ಒಂದೇ ಪುಸ್ತಕ ಹಿಡಿದಿದ್ದರು,
ಇದ್ದದ್ದೇ ಐದು ಪುಸ್ತಕ.
ಸೀರೆಯ ಹಿಂದೆ ನಾನೂ ಹೇಳುತ್ತಿದ್ದೆ, ತುಟಿಯಲ್ಲೇ.
ಸಿಂಹಾಬಾಯಿ ನನ್ನ ಮೊಣಕಾಲು ಹಿಡಿದಿದ್ದಳು, ಬಿಗಿಯಾಗಿ,
ಬಸ್ಸಿನಲ್ಲಿ ಕಂಬಿ ಹಿಡಿಯುವ ಹಾಗೆ.

ಆಮೇಲೆ ಮಲಿದಾ: ನೆನೆಸಿದ ಅವಲಕ್ಕಿ, ಬೆಲ್ಲ, ಕಾಯಿತುರಿ.
ಹಂಚುವ ಕೆಲಸ ಕೊಟ್ರಬಸಪ್ಪ ತಾನೇ ಕಿತ್ತುಕೊಂಡ,
ಸೌಟು ಸರಿಯಾಗಲ್ಲ ಅಂತ ಮನೆಯಿಂದ ಪಾವು ತಂದ.
ಮೊದಲ ಪಾವು ಗಾಳಿಗಿರಣಿಯ ಹುಡುಗನಿಗೆ.
‘ಲಾಭ,’ ಎಂದ. ಆಮೇಲೆ ಎಣಿಸಲಿಲ್ಲ.