ಗುರುಪರಂಪರೆ: ಐದು ಗೆರೆ ಜಾಗ

ಮೆಟ್ರೋ ಗೇಟಿನಲ್ಲಿ ಸೆಲ್ವಿಯ ಚೆಲ್ಲೊ ಮತ್ತೆ ಸಿಕ್ಕಿಬಿತ್ತು.
'ಏನಮ್ಮ ಇದರಲ್ಲಿ, ಆಳುದ್ದ?'
'ಪಿಟೀಲಿನ ದೊಡ್ಡಕ್ಕ ಸಾರ್' ಅಂದಳು.
ಸ್ಕ್ಯಾನರಿನ ಬಾಯಿಗೆ ಹಿಡಿಯದ ದೊಡ್ಡಕ್ಕನನ್ನು
ಪೆಟ್ಟಿಗೆ ತೆಗೆಸಿ, ತಟ್ಟಿ ನೋಡಿ,
ಟೊಳ್ಳೆಂದು ಖಾತ್ರಿಯಾದ ಮೇಲೆ ಬಿಟ್ಟರು.
ಟೊಳ್ಳಾದ್ದಕ್ಕೇ ಹಾಡುತ್ತದೆ ಸಾರ್
ಅನ್ನಬೇಕಿತ್ತು. ರೈಲು ಬಂತು.

ನಾಲ್ಕು ಜನ ನಾವು, ಹದಿನಾರು ತಂತಿ.
ಲಿಂಗರಾಜಪುರದ ಡೆಸ್ಮಂಡ್ ಮೊದಲ ವಯಲಿನ್ನು,
ಅಜ್ಜಿಯ ಕೇಕಿನ ಡಬ್ಬಿಯಲ್ಲಿ ರಾಳ ಇಡುತ್ತಾನೆ.
ಎರಡನೆಯದು ನಂಜಮಣಿ, ಮಾಗಡಿ ಕಡೆ ವೋಲಗದ ಮನೆ;
ಎಲ್ಲಿ ಉಸಿರು ಬಿಡಬೇಕೆಂದು ನಮಗೆ ಕಲಿಸಿದವಳು,
ಕಮಾನಿಗೆ ಉಸಿರು ಬೇಡದಿದ್ದರೂ.
ವಿಯೋಲ ನಾನು. ಅದರ ದನಿ
ಮನೆಯ ನಡುವಿನ ಮಗಳ ಹಾಗೆ,
ಇಲ್ಲದ ದಿನ ಎಲ್ಲರಿಗೂ ಗೊತ್ತಾಗುತ್ತದೆ.
ಅದರ ಸೀಳಿದ ಹೊಟ್ಟೆ ಕೂಡಿಸಿದವರು ಅಬ್ಬಾ,
ಶಿವಾಜಿನಗರದ ಸಂದಿಯಲ್ಲಿ ಕುರ್ಚಿ ರಿಪೇರಿ.
ಬಿರುಕು ಕುರ್ಚಿಯದೋ ಸಂಗೀತದ್ದೋ,
ಅವರ ಬಳಿ ಇರುವುದು ಒಂದೇ ಬಿಸಿ ಅಂಟು.

ಜಯನಗರದ ಸಭೆಯಿಂದ ಫಾರಂ ಬಂತು.
ಹೆಸರು, ವಿಳಾಸ, ವಾದ್ಯ,
ಕೆಳಗೆ ಗುರುಪರಂಪರೆ: ಐದು ಗೆರೆ ಜಾಗ.
ಸೆಲ್ವಿ ಬರೆದಳು: 'ಅಪ್ಪ. ಟ್ರಂಪೆಟ್.
ಕಲಾಸಿಪಾಳ್ಯದ ಮದುವೆ ಬ್ಯಾಂಡು.'
ನಾಲ್ಕು ಗೆರೆ ಉಳಿಯಿತು.
ಅಡ್ಡಗೆರೆ ಎಳೆಯಲು ಹೋದೆ, ಕೈ ಹಿಡಿದಳು.
'ತಾತ ಚಿನ್ನದ ಗಣಿಯಲ್ಲಿದ್ದರು, ರಾತ್ರಿ ತಮಟೆ.
ತಾತನ ಅಪ್ಪನ ಹೆಸರು
ಯಾರೂ ಬರೆದಿಟ್ಟುಕೊಂಡಿಲ್ಲ.
ಅವರೆಲ್ಲ ಕೂರಲಿ. ಜಾಗ ಬಿಡು.'

ಕಾರ್ಯದರ್ಶಿಗಳು ಸಜ್ಜನರು. ಫಿಲ್ಟರ್ ಕಾಫಿ ತರಿಸಿದರು.
'ಮದುವೆ ಬ್ಯಾಂಡು ಅಂತ ಬೇಡಮ್ಮ,
ವಿವಿಧ ಗುರುಗಳಲ್ಲಿ ಅಭ್ಯಾಸ ಅಂತ ಹಾಕೋಣ.
ನಿಮ್ಮಂಥವರು ಬರಬೇಕು. ಸಭೆಗೆ ವೈವಿಧ್ಯ ಬೇಕು.'
ಆ ಮಾತನ್ನು ಅವರು ಬಡಿಸಿದ ರೀತಿ,
ಬಾಳೆಲೆಯ ತುದಿಗೆ ಒಂದು ಚಿಟಿಕೆ ಉಪ್ಪು.
'ವೋಲಗ ಅಂತ ಹಾಕಬಹುದಾ?' ನಂಜಮಣಿ.
'ನಾಗಸ್ವರ ಅನ್ನೋಣ.'
ಮೆಟ್ಟಿಲಿಳಿಯುವಾಗ ಅವಳೆಂದಳು:
'ನಮ್ಮಜ್ಜ ಹೊರಜಗುಲಿಯಲ್ಲಿ ಕೂತು ಊದಿದ್ದು ವೋಲಗ.
ನಾಗಸ್ವರ ಒಳಗಿದ್ದೋರು ಇಟ್ಟ ಹೆಸರು.'

ಆ ಸಂಜೆ ಮೊದಲು ವಿಯೆನ್ನಾದಲ್ಲಿ ಸತ್ತವರೊಬ್ಬರದು.
ಚಪ್ಪಾಳೆ ಬಂತು, ಇಸ್ತ್ರಿ ಹಾಕಿದ್ದು.
ಆಮೇಲೆ ಸೆಲ್ವಿ ಬರೆದದ್ದು.
ಕಮಾನು ಮಡಿಲಲ್ಲಿಟ್ಟು ಗೆಣ್ಣಿನಿಂದ ಮರ ತಟ್ಟಿದಳು,
ಮೇಲಿನಿಂದ ನಂಜಮಣಿ ಬಂದು ಸೇರಿಕೊಂಡಳು:
ಹೆಜ್ಜೆ ಹಾಕುತ್ತಲೇ ನಿಂತಲ್ಲೇ ನಿಲ್ಲುವ ಧಾಟಿ,
ಇನ್ನೇನು ಹೊರಟಿತು ಅನ್ನುವಾಗ
ಮತ್ತೆ ಮೊದಲಿಗೆ.
ಮತ್ತೆ.
ಡೆಸ್ಮಂಡನ ಕತ್ತು ಬೆವರಿತು. ನಡುವೆ ಎಂಟು ಆವರ್ತ
ನಾನೊಬ್ಬಳೇ.
ಅಬ್ಬಾ ಹಾಕಿದ ಅಂಟು ಹಿಡಿದಿತ್ತು.

ಕೊನೆಯ ಸಾಲಿನಲ್ಲಿ ಕೆಂಪು ಕೋಟು,
ಭುಜಕ್ಕೆ ಜರಿಹಗ್ಗ, ತೊಡೆಯ ಮೇಲೆ ಟೋಪಿ: ಏಳುಮಲೈ.
ಒಂಬತ್ತಕ್ಕೆ ವಿಜಯನಗರದಲ್ಲಿ ಆರತಕ್ಷತೆ ಇತ್ತು,
ಯೂನಿಫಾರಂ ಬದಲಿಸಲು ಪುರುಸೊತ್ತಿಲ್ಲ.

ಮುಗಿದ ಮೇಲೆ ಕಾರ್ಯದರ್ಶಿಗಳು
ನಿಜವಾಗಿಯೂ ಕಣ್ಣೊರೆಸಿಕೊಂಡರು.
'ಯಾವ ರಾಗದ ಛಾಯೆ ಇದು?'
ಸೆಲ್ವಿ ಹಿಂದಕ್ಕೆ ಕೈ ತೋರಿಸಿದಳು.
ಏಳುಮಲೈ ಎದ್ದರು, ಪೊಲೀಸರು ಕರೆದ ಹಾಗೆ.
'ರಾಗ ಗೊತ್ತಿಲ್ಲ ಸಾರ್.
ಟೌನ್‌ಹಾಲ್ ಹತ್ರ ಮೆರವಣಿಗೆ ಸಿಕ್ಕಾಕ್ಕೊಳ್ತದಲ್ಲ,
ಸಿಗ್ನಲ್ ಬಿಡೋ ತನಕ ಇದನ್ನ ನುಡಿಸ್ತೀವಿ.'
ಯಾರೋ ನಕ್ಕರು. ಅವರೂ ನಕ್ಕು,
ಗಡಿಯಾರ ನೋಡಿ, ಟೋಪಿ ಹಾಕಿಕೊಂಡು ಹೊರಟರು.

ಪೆಟ್ಟಿಗೆ ಮುಚ್ಚುವಾಗ ಸೆಲ್ವಿ ಮುಖ ಸಪ್ಪಗಿತ್ತು.
'ಕೊನೇ ಸುತ್ತಿನಲ್ಲಿ ಅರ್ಧ ಅಕ್ಷರ ಮುಂದೆ ಬಿದ್ದೆ.
ಅಪ್ಪನ ಬೂಟು ಅಲ್ಲೇ ನಿಂತುಬಿಡ್ತು, ಕೇಳಿಸಿತಾ?'

ನಮಗೆ ಯಾರಿಗೂ ಕೇಳಿಸಿರಲಿಲ್ಲ.