ರಜಿಸ್ಟರಿನ್ಯಾಗ ಇಲ್ಲದ ಕಾಲಮ್ಮು

ಹುಬ್ಬಳ್ಳಿ ದೊಡ್ಡ ದವಾಖಾನಿ, ಎರಡನೇ ಗೇಟು.
ನನ್ನ ರಜಿಸ್ಟರಿನ್ಯಾಗ ನಾಕ ಕಾಲಮ್ಮು:
ಬೀಡಿ, ಸಿಗರೇಟು, ಗುಟಕಾ, ಕಡ್ಡಿಪೆಟಗಿ.
ನಿನ್ನೆ ರಾತ್ರಿ ಸಿಕ್ಕಿದ್ದು ಇವ್ಯಾವೂ ಅಲ್ಲ.
ನೀಲಿ ಬಣ್ಣ, ಬೆರಳುದ್ದ,
ಮೂಗಿಗೆ ಹಿಡಿದರ ಆಪೂಸ ಹಣ್ಣು.

ಎದಿ ವಾರ್ಡಿನ ಹನ್ನೊಂದನೇ ಮಂಚ,
ಮಕ್ತುಮಸಾಬನ ಮಗಂದು.
"ಅಬ್ಬಾ ಬೀಡಿ ಬಿಡಲಿ ಅಂತ ತಂದೀನ್ರಿ ಅಕ್ಕಾರ,
ಇದಕ್ಕ ಬೆಂಕಿ ಇಲ್ಲ, ಬೂದಿ ಇಲ್ಲ."
"ತಮ್ಮಾ, ಇದನ್ನ ಮಾರೂದ ಗುನ್ಹೆ ಐತಿ" ಅಂದೆ,
ಗ್ವಾಡಿ ಮ್ಯಾಲಿನ ಬೋರ್ಡು ತೋರಿಸಿದೆ.
ಬೋರ್ಡಿನ್ಯಾಗ ಇದರ ಚಿತ್ರ ಇರಲಿಲ್ಲ;
ಒಂದು ಹಳೇ ಸಿಗರೇಟು, ಅದರ ಮ್ಯಾಲ ಕೆಂಪ ಗೆರಿ, ಅಷ್ಟ.

ಕಡೀಕ "ಪೆನ್ನು, ಒಂದು" ಅಂತ ಬರದು
ಹುಡುಗನ ಕೈಲೆ ಸಹಿ ಹಾಕಿಸಿದೆ.

ನಸುಕಿನ್ಯಾಗ ಮಕ್ತುಮಸಾಬ ತಾನ ಎದ್ದು ಬಂದ,
ಸಲಾಯಿನ್ ಬಾಟ್ಲಿ ಕಂದೀಲಿನಂಗ ಎತ್ತಿ ಹಿಡಕೊಂಡು.
ಗೇಟಿನ ಹಳದಿ ಗೆರಿ ದಾಟಿ
ಶಾಂತವ್ವನ ಡಬ್ಬಿ ಅಂಗಡ್ಯಾಗ ಒಂದ ಕಟ್ಟು ಬೀಡಿ ತಗೊಂಡ.
ಕಟ್ಟಿನ ಮ್ಯಾಲ ಕೊಳೆತ ಗಂಟಲಿನ ಚಿತ್ರ,
ಚಿತ್ರದ ಕೆಳಗ ರೇಟು, ಸುಂಕ ಸಹಿತ.
ನನ್ನ ಅಧಿಕಾರ ಗೆರಿತನಕ.
ಅಂವ ಆ ಕಡೆ ನಿಂತು ಕೆಮ್ಮಿದ;
ಕೆಮ್ಮು ಗೆರಿ ನೋಡಲಿಲ್ಲ, ಒಳಗ ಬಂತು.

ತಿರುಗಿ ಹೋಗೂಮುಂದ ನಿಂತು ಕೇಳಿದ:
"ನಮ್ಮ ಹುಡುಗನ ಪೆನ್ನು
ಚಲೋ ಬರೀತೈತೇನ್ರಿ ಬಾಯಾರ?"

ನಾ ಡ್ರಾವರ್ ಒತ್ತಿ ಮುಚ್ಚಿದೆ.
ಎರಡ ಕಪ್ ಚಹಾ ಆಗಿತ್ತು ಅಷ್ಟೊತ್ತಿಗೆ,
ನಾಲಿಗಿ ಮ್ಯಾಲಿನ ಆಪೂಸ
ಇನ್ನೂ ಹೋಗಿರಲಿಲ್ಲ.